ನಾಲ್ಕು ಗಾಲಿಯ ಸೈಕಲ್ಲು

(ನಮ್ಮ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಪ್ರತಿ ತಿಂಗಳೂ ಈ ಸ್ಥಳದಲ್ಲಿ ವಿದ್ವಾಂಸರು ನಿಂತು ಮಾತನಾಡುತ್ತಾರೆ. ಜಮಖಾನೆ ಹಾಸುವುದು, ಕುರ್ಚಿ ಇಡುವುದು, ಸಭೆ ಮುಗಿದ ಮೇಲೆ ಎಲ್ಲವನ್ನೂ ಎತ್ತಿಡುವುದು ಇವಿಷ್ಟೇ ಇಲ್ಲಿಯವರೆಗೆ ನನ್ನ ಪಾಲಿಗೆ ಬಂದ ಸೇವೆ. ನಾನು ನೂಲಿನ ಗಿರಣಿಯಲ್ಲಿ ಹಾಜರಿ ಬರೆಯುವ ಕಾರಕೂನ. ಮೆಟ್ರಿಕ್ ದಾಟಿ ಮುಂದೆ ಓದಿದವನಲ್ಲ. ಆದರೂ ಕಾರ್ಯದರ್ಶಿಗಳು, "ಅಂಗಳದಲ್ಲಿ ನಿಲ್ಲಿಸಿರುವ ಆ ಸೈಕಲ್ಲಿನ ವಿಚಾರವನ್ನು ನೀನೇ ಹೇಳು" ಎಂದು ಅಪ್ಪಣೆ ಮಾಡಿದ್ದಾರೆ. ಆದ್ದರಿಂದ ನಿಂತಿದ್ದೇನೆ. ತಪ್ಪಿದ್ದರೆ ತಿದ್ದಬೇಕು.

ಒಳಗೆ ಬರುವಾಗ ತಾವೆಲ್ಲರೂ ಅದನ್ನು ನೋಡಿದ್ದೀರಿ. ಎರಡು ಹಳೆಯ ಸೈಕಲ್ಲುಗಳನ್ನು ಕಡಿದು ಕೂಡಿಸಿದ, ನಾಲ್ಕು ಗಾಲಿಯ, ಬೆನ್ನಿಗೆ ಆಸರೆಯುಳ್ಳ ಗಾಡಿ. ಒಬ್ಬ ಮಿತ್ರರು ಅದನ್ನು ಸುತ್ತಿ ನೋಡಿ, "ಇದೇನು, ಐಸ್‌ಕ್ರೀಮಿನ ಗಾಡಿಯೋ?" ಎಂದರು. ಅಲ್ಲ. ಅದು ನನ್ನ ಅಕ್ಕನ ಮಗನ ಸೈಕಲ್ಲು.

ಆ ಹುಡುಗನಿಗೆ ಈಗ ಹನ್ನೊಂದು ವರ್ಷ. ಹುಟ್ಟಿದಾಗ ತಡವಾಗಿ ಅತ್ತ ಕೂಸು. ವೈದ್ಯರು ಅವನ ತೊಂದರೆಗೆ ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಕನ್ನಡದಲ್ಲಿ ಮಿದುಳಿನ ಪಾರ್ಶ್ವವಾಯು ಎಂದು ಬರೆಯುತ್ತಾರೆ. ಹುಟ್ಟುವ ಮೊದಲೋ, ಹುಟ್ಟುವಾಗಲೋ, ಹುಟ್ಟಿದ ಕೆಲವು ಕಾಲಕ್ಕೋ ಎಳೆಯ ಮಿದುಳಿಗೆ ಪೆಟ್ಟು ಬಿದ್ದಿರುತ್ತದೆ. ಮಿದುಳಿಗೆ ಬಿದ್ದ ಆ ಪೆಟ್ಟು ಮುಂದೆ ಬೆಳೆಯುವುದಿಲ್ಲ, ಅಳಿಸಿಯೂ ಹೋಗುವುದಿಲ್ಲ. ಸ್ನಾಯುಗಳಿಗೆ ಮಿದುಳು ಕೊಡುವ ಆಜ್ಞೆ ಮಾತ್ರ ಸರಿಯಾಗಿ ಮುಟ್ಟುವುದಿಲ್ಲ. ನಮ್ಮ ಹುಡುಗನಿಗೆ ಕಾಲುಗಳು ಬಿಗಿ, ಕೈಗಳೂ ಸ್ವಲ್ಪ ಬಿಗಿ, ಮಾತು ನಿಧಾನ. ಬುದ್ಧಿಗೆ ಏನೂ ಕೊರತೆಯಿಲ್ಲ. ಈ ವಾಚನಾಲಯದ ಮಕ್ಕಳ ಪುಸ್ತಕಗಳನ್ನೆಲ್ಲ ಓದಿ ಮುಗಿಸಿ, ಈಗ ದೊಡ್ಡವರ ಕಪಾಟಿಗೆ ಕಣ್ಣು ಹಾಕಿದ್ದಾನೆ. ಆ ಪುಸ್ತಕಗಳನ್ನು ಅವನಿಗೆ ಒಯ್ದು ಕೊಡುತ್ತಿದ್ದವನು ನಾನು.

ನಮ್ಮ ಅಕ್ಕ ಮನೆಯಲ್ಲಿ ಬೀಡಿ ಕಟ್ಟುತ್ತಾಳೆ. ಸೊಲ್ಲಾಪುರದ ಎಷ್ಟೋ ತಾಯಂದಿರ ಕಸುಬು ಅದು. ಬೆನ್ನು ಬಗ್ಗಿಸಿ ಕೂಡ್ರುವ ಕೆಲಸ. ಹುಡುಗ ಚಿಕ್ಕವನಿದ್ದಾಗ ಅವನನ್ನು ಸೊಂಟದ ಮೇಲೆ ಕೂಡಿಸಿಕೊಂಡು ಎಲ್ಲ ಕಡೆಗೂ ಒಯ್ಯುತ್ತಿದ್ದಳು. ಹೋದ ವರ್ಷ ಸಂಕ್ರಮಣದಲ್ಲಿ ಸಿದ್ಧೇಶ್ವರ ಜಾತ್ರೆಯ ನಂದಿಧ್ವಜ ತೋರಿಸಲು ಎತ್ತಿಕೊಂಡು ಹೊರಟವಳು ಅರ್ಧ ಹಾದಿಯಲ್ಲಿ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. "ತಮ್ಮಾ, ಇವ ಈಗ ಮೂವತ್ತ ಕಿಲೋ ಆಗ್ಯಾನ. ನಾ ಇನ್ನ ಎಷ್ಟ ದಿನಾ ಎತ್ತಲಿ?" ಎಂದು ನನ್ನನ್ನು ಕೇಳಿದಳು. ಹುಡುಗ ಕೇಳಿಸಿಕೊಂಡ. ಅಂದಿನಿಂದ ಹೊರಗೆ ಹೋಗೋಣ ಎಂದು ಅವನು ಕೇಳುವುದನ್ನೇ ಬಿಟ್ಟ. ಈ ಸೈಕಲ್ಲಿಗೆ ಮೂಲ ಇದು.

ತಾವು ಕೇಳಬಹುದು: ಇಂಥವರಿಗೆ ಮೂರು ಗಾಲಿಯ ಸೈಕಲ್ಲು ಕೊಡುತ್ತಾರಲ್ಲ? ಕೊಡುತ್ತಾರೆ. ನಮಗೂ ಒಂದು ಶಿಬಿರದಲ್ಲಿ ಸಿಕ್ಕಿತು. ಕೈಯಿಂದ ತಿರುಗಿಸುವ ಗಾಡಿ ಅದು. ಪೋಲಿಯೋದಿಂದ ಕಾಲು ಕಳೆದುಕೊಂಡು, ತೋಳಿನಲ್ಲಿ ಬಲವುಳ್ಳವರಿಗೆ ಅದು ಎಷ್ಟು ಉಪಕಾರಿಯೆಂಬುದನ್ನು ನಾವೆಲ್ಲ ಕಂಡಿದ್ದೇವೆ. ದೇವರ ದಯೆಯಿಂದಲೂ ಲಸಿಕೆ ಹಾಕಿದವರ ಶ್ರಮದಿಂದಲೂ ನಮ್ಮ ದೇಶ 2014ರಲ್ಲಿ ಪೋಲಿಯೋಮುಕ್ತವೆನಿಸಿತು. ಆದರೆ ನಮ್ಮ ಹುಡುಗನಿಗೆ ಕೈಯೂ ಬಿಗಿ. ತೋಳು ತಿರುಗಿಸಲು ಹೋದರೆ ಮೈಯೆಲ್ಲ ಒಂದು ಕಡೆಗೆ ವಾಲುತ್ತದೆ. ಅಳತೆ ನೋಡದೆ, ಯಾದಿಯಲ್ಲಿ ಹೆಸರು ಕೂಗಿ ಕೊಟ್ಟ ಗಾಡಿ. ಅವನು ಮೂರನೆಯ ದಿನ ಓಣಿಯ ತಿರುವಿನಲ್ಲಿ ಅದರೊಡನೆ ಮಗುಚಿ ಬಿದ್ದ. ಹಣೆಗೆ ನಾಲ್ಕು ಹೊಲಿಗೆ. ತಪ್ಪು ಗಾಡಿಯದಲ್ಲ. ಒಬ್ಬರ ಕಾಲಿನ ಮೆಟ್ಟು ಇನ್ನೊಬ್ಬರಿಗೆ ಕೊಟ್ಟಂತಾಗಿತ್ತು, ಅಷ್ಟೆ.

ಅದು ಏಕೆ ಮಗುಚಿತು ಎಂದು ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಕಾರಕೂನನಿಗೆ ಅದೊಂದೇ ಬರುವುದು. ಹಿಂದಿನ ಎರಡು ಗಾಲಿಗಳ ನಡುವೆ 70 ಸೆಂಟಿಮೀಟರು ಇದೆಯೆನ್ನಿ. ಅಲ್ಲಿಂದ ಮುಂದಿನ ಗಾಲಿಗೆ 100 ಸೆಂಟಿಮೀಟರು. ಕೂತವನ ಭಾರ ಹಿಂದಿನ ಅಚ್ಚಿನಿಂದ 40 ಸೆಂಟಿಮೀಟರು ಮುಂದಿದೆ. ಮೂರು ಗಾಲಿಗಳನ್ನು ಗೆರೆಯಿಂದ ಕೂಡಿಸಿದರೆ ತ್ರಿಕೋನವಾಗುತ್ತದೆ; ಭಾರ ಬಿದ್ದ ಸ್ಥಳದಲ್ಲಿ ಆ ತ್ರಿಕೋನದ ಅಗಲ 42 ಸೆಂಟಿಮೀಟರು ಮಾತ್ರ. ತಿರುವಿನಲ್ಲಿ ಮೈ ಹೊರಕ್ಕೆ ವಾಲಿ ಭಾರ ಆ ಗೆರೆಯನ್ನು ದಾಟಿತೆಂದರೆ ಗಾಡಿ ಮಗುಚಲೇ ಬೇಕು. ಮುಂದೆಯೂ ಎರಡು ಗಾಲಿ ಇದ್ದರೆ ಅದೇ ಸ್ಥಳದಲ್ಲಿ ಅಗಲ ಪೂರಾ 70. ತಾನಾಗಿ ಮೈಯನ್ನು ನೆಟ್ಟಗೆ ಹಿಡಿಯಬಲ್ಲವನಿಗೆ ಈ ಅಂತರ ದೊಡ್ಡದಲ್ಲ. ಹಿಡಿಯಲಾರದವನಿಗೆ ಇದೇ ಎಲ್ಲ.

ಈ ವಿಚಾರ ಹೊಸದೂ ಅಲ್ಲ. ಹದಿನೇಳನೆಯ ಶತಮಾನದಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಬಳಿಯ ಆಲ್ಟ್‌ಡಾರ್ಫಿನಲ್ಲಿ ಸ್ಟೀಫನ್ ಫಾರ್ಫ್ಲರ್ ಎಂಬ ಗಡಿಯಾರದ ಕೆಲಸದವನಿದ್ದ. ಅವನಿಗೆ ನಡೆಯಲಾಗುತ್ತಿರಲಿಲ್ಲ. ಗಡಿಯಾರದ ಹಲ್ಲುಗಾಲಿಯ ವಿದ್ಯೆಯನ್ನೇ ಹಿಡಿದು, ಕೈಯಿಂದ ತಿರುಗಿಸಿ ತಾನೇ ನಡೆಸುವ ಗಾಡಿಯನ್ನು ಮಾಡಿಕೊಂಡ. ಎರಡು ಗಾಲಿಯ ಸೈಕಲ್ಲು ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಮಾತು ಇದು. ಮುಂದೆ 1877ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜೇಮ್ಸ್ ಸ್ಟಾರ್ಲಿಯವರು ಸಾಲ್ವೋ ಎಂಬ ನಾಲ್ಕು ಗಾಲಿಯ ಸೈಕಲ್ಲನ್ನು ತಂದರು. 1881ರಲ್ಲಿ ವಿಕ್ಟೋರಿಯಾ ರಾಣಿಯೇ ಅಂಥವನ್ನು ತರಿಸಿಕೊಂಡಳು. 1885ರಲ್ಲಿ ಅವರ ಅಣ್ಣತಮ್ಮಂದಿರ ಮಗನಾದ ಜಾನ್ ಕೆಂಪ್ ಸ್ಟಾರ್ಲಿಯವರ ರೋವರ್ ಸೈಕಲ್ಲು ಬಂದಿತು. ಈಗ ನಾವು ತುಳಿಯುವ ಎರಡು ಗಾಲಿಯ ಸೈಕಲ್ಲಿಗೆ ಅದೇ ಅಚ್ಚು. ಹಗುರ, ಅಗ್ಗ, ವೇಗ. ಜಗತ್ತು ಅದರ ಬೆನ್ನು ಹತ್ತಿತು. ತೋಲ ಹಿಡಿಯಬಲ್ಲವರು ಮುಂದೆ ಹೋದರು. ತೋಲ ಹಿಡಿಯಲಾರದವರ ಗಾಡಿ ಮೂಲೆಗೆ ಬಿದ್ದಿತು.

ಸಾಲ್ವೋ ಗಾಡಿಯಲ್ಲಿ ಒಂದು ದೊಡ್ಡ ಯುಕ್ತಿ ಇತ್ತು. ಗಾಡಿ ತಿರುಗುವಾಗ ಹೊರಗಿನ ಗಾಲಿ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಒಂದು ನೆಲವನ್ನು ಕೆರೆಯುತ್ತದೆ, ತಿರುಗುವುದು ಕಷ್ಟವಾಗುತ್ತದೆ. ಸ್ಟಾರ್ಲಿಯವರು ನಡುವೆ ಹಲ್ಲುಗಾಲಿಗಳನ್ನಿಟ್ಟು, ಎರಡಕ್ಕೂ ಬಲ ಮುಟ್ಟುವಂತೆಯೂ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗುವಂತೆಯೂ ಮಾಡಿದರು. ಇಂದು ಮೋಟಾರುಗಳಲ್ಲಿ ಡಿಫರೆನ್ಷಿಯಲ್ ಎನ್ನುವುದು ಇದೇ ಬಗೆಯದು. ನಮ್ಮ ಮಿಸ್ತ್ರಿಗೆ ಅಷ್ಟು ಖರ್ಚು ಬೇಡವೆನಿಸಿತು. ಹಿಂದಿನ ಎಡಗಾಲಿಗೆ ಮಾತ್ರ ಚೈನು ಕೊಟ್ಟು, ಬಲಗಾಲಿಯನ್ನು ಸ್ವತಂತ್ರ ಬಿಟ್ಟರು. ಮಕ್ಕಳು ನಡೆಯುವ ವೇಗಕ್ಕೆ ಇಷ್ಟು ಸಾಕು. ಗಾಡಿ ತುಸು ಬಲಕ್ಕೆ ಎಳೆಯುತ್ತದೆ; ಹುಡುಗ ಒಂದು ವಾರದಲ್ಲಿ ಅದಕ್ಕೆ ಹೊಂದಿಕೊಂಡ.

ಈಗ ನಮ್ಮ ತಪ್ಪನ್ನು ಹೇಳಬೇಕು. ನಾವು ಮಾಡಿದ ಮೊದಲನೆಯ ಗಾಡಿ ಕೆಟ್ಟಿತು. ಮೂರು ಕಾಲಿನ ಮಣೆ ಎಂಥ ನೆಲದ ಮೇಲೂ ಅಲುಗದೆ ನಿಲ್ಲುತ್ತದೆ. ನಾಲ್ಕು ಕಾಲಿನ ಬಾಕು ಒಂದು ಕಾಲು ಎತ್ತಿಕೊಂಡು ಕುಣಿಯುತ್ತದೆ. ತಾವು ಕೂತ ಬಾಕುಗಳೇ ಸಾಕ್ಷಿ. ನಾಲ್ಕು ಗಾಲಿಯನ್ನು ಗಟ್ಟಿ ಚೌಕಟ್ಟಿಗೆ ಬೆಸೆದಿದ್ದರಿಂದ ನಮ್ಮ ಓಣಿಯ ತಗ್ಗಿನಲ್ಲಿ ಚೈನಿನ ಗಾಲಿಯೇ ಮೇಲೆದ್ದಿತು. ಹುಡುಗ ತುಳಿಯುತ್ತಾನೆ, ಗಾಲಿ ಗಾಳಿಯಲ್ಲಿ ತಿರುಗುತ್ತದೆ, ಗಾಡಿ ಕದಲುವುದಿಲ್ಲ, ಮೇಲಾಗಿ ಕುಲುಕಾಟ. ಅವನಿಗೆ ಹಣೆಯ ಹೊಲಿಗೆ ನೆನಪಾಗಿ ಕೂಗಿಕೊಂಡ. ಮೂರು ವಾರ ಅದರ ಮೇಲೆ ಕೂಡ್ರಲಿಲ್ಲ.

ಮಿಸ್ತ್ರಿ ಮುಂದಿನ ಅಚ್ಚನ್ನು ನಡುವೆ ಒಂದು ಮೊಳೆಯ ಮೇಲೆ ಕೂಡಿಸಿ, ತಕ್ಕಡಿಯ ದಂಡಿಗೆಯಂತೆ ಏರಿಳಿಯಲು ಬಿಟ್ಟರು. ಟ್ರ್ಯಾಕ್ಟರಿನ ಮುಂದಿನ ಅಚ್ಚು ಹೀಗೆಯೇ ಇರುತ್ತದೆ. ಈಗ ನಾಲ್ಕೂ ಗಾಲಿ ನೆಲಕ್ಕೆ ಹತ್ತಿದವು. ಆದರೆ ನಾನು ಮತ್ತೆ ಕಾಗದ ತೆಗೆದು ನೋಡಿದರೆ, ಮುಂದೆ ಭಾರ ಹೊತ್ತದ್ದು ನಡುವಿನ ಆ ಒಂದು ಮೊಳೆ. ಅಂದರೆ ಮತ್ತೆ ತ್ರಿಕೋನವೇ ಆಯಿತು! ಕೊನೆಗೆ ಅಚ್ಚಿನ ಎರಡೂ ಮಗ್ಗುಲಿಗೆ ರಬ್ಬರಿನ ತಡೆ ಹಾಕಿದೆವು. ಎರಡು ಬೆರಳಿನಷ್ಟು ಏರಿಳಿಯುತ್ತದೆ, ಆಮೇಲೆ ತಡೆಗೆ ತಾಗಿ ನಿಲ್ಲುತ್ತದೆ. ಸಣ್ಣ ತಗ್ಗಿಗೆ ಬಗ್ಗುತ್ತದೆ, ದೊಡ್ಡ ವಾಲಿಗೆ ಬಗ್ಗುವುದಿಲ್ಲ. ಇಂಥ ಗಾಡಿಯನ್ನು ಮಾಡಿಸುವವರು ಈ ಒಂದು ಮಾತನ್ನು ಮರೆಯಬಾರದು.

ಇನ್ನು ಉಳಿದ ಏರ್ಪಾಡು. ಇದರಲ್ಲಿ ಫ್ರೀವೀಲ್ ಇಲ್ಲ. ಗಾಲಿ ತಿರುಗಿದರೆ ಪೆಡಲೂ ತಿರುಗುತ್ತದೆ. ಹಿಂದಿನಿಂದ ನಾವು ಮೆಲ್ಲಗೆ ದೂಡಿದರೆ ಹುಡುಗನ ಪಾದಗಳು ತಾವಾಗಿ ಸುತ್ತುತ್ತವೆ. ಸುತ್ತುತ್ತ ಸುತ್ತುತ್ತ ಕಾಲು ಲಯವನ್ನು ಕಲಿಯುತ್ತದೆ. ಇಳಿಜಾರಿನಲ್ಲಿ ಮಾತ್ರ ಇದು ಅಪಾಯ. ಗಾಡಿ ಓಡಿದರೆ ಪೆಡಲೂ ಓಡುತ್ತದೆ. ಆದ್ದರಿಂದ ಇಳಿಜಾರು ನಿಷಿದ್ಧ. ಪಾದ ಜಾರದಂತೆ ಹಿಮ್ಮಡಿಗೆ ಅಡ್ಡಪಟ್ಟಿ, ಮೇಲೆ ಪಟ್ಟಿ. ಎದೆಗೆ ಅಗಲವಾದ ಪಟ್ಟಿ. ಚೈನಿಗೆ ಬೆರಳು ಸಿಗದಂತೆ ಮುಚ್ಚಳ. ದೂಡುವವರ ಹಿಡಿಕೆಯಲ್ಲಿ ಒಂದು ಬ್ರೇಕು, ನಿಲ್ಲಿಸಿದಾಗ ಗಾಲಿ ಉರುಳದಂತೆ ಇನ್ನೊಂದು. ಆಸನ ಮುಂದಕ್ಕೂ ಹಿಂದಕ್ಕೂ ಸರಿಯುತ್ತದೆ.

ಇದನ್ನೆಲ್ಲ ಮಾಡುವ ಮೊದಲು ನಾವು ಫಿಜಿಯೋಥೆರಪಿ ಮಾಡುವ ಬಾಯಿಯವರೊಬ್ಬರ ಹತ್ತಿರ ಹೋಗಿದ್ದೆವು. ಇಂಥ ಮಕ್ಕಳಲ್ಲಿ ತೊಡೆಯ ಕೀಲು ಮೆಲ್ಲಮೆಲ್ಲನೆ ತನ್ನ ಸ್ಥಾನದಿಂದ ಜರುಗುವುದುಂಟು, ಹೊರಗಿನಿಂದ ಕಾಣುವುದಿಲ್ಲ. ಅವರು ಕ್ಷಕಿರಣದ ಚಿತ್ರ ತೆಗೆಸಿ ನೋಡಿ, ಆಸನದ ಎತ್ತರ ಹೇಳಿಕೊಟ್ಟು, "ಇಪ್ಪತ್ತು ನಿಮಿಷ ಸಾಕು, ನೋವೆಂದರೆ ನಿಲ್ಲಿಸಿರಿ" ಎಂದು ಅಪ್ಪಣೆ ಕೊಟ್ಟರು. ಸೈಕಲ್ಲು ಔಷಧವಲ್ಲ. ಅವನು ಇದರಿಂದ ಎದ್ದು ಓಡುತ್ತಾನೆಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರನ್ನು ನಂಬಲೂ ಬೇಡಿರಿ. ಇದರಿಂದ ಅವನು ಹೊರಗೆ ಬರುತ್ತಾನೆ. ನನಗೆ ಗೊತ್ತಿರುವುದು ಇಷ್ಟು.

ಹೊರಗೆ ಬಂದದ್ದರಿಂದ ಏನಾಯಿತೆಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಇದೇ ಅಂಗಳದಲ್ಲಿ ಒಂದು ಭಾನುವಾರ ಸಂಜೆ ಅವನು ಸುತ್ತು ಹಾಕುತ್ತಿದ್ದ. ಬಾಗಿಲಲ್ಲಿ ನಿಂತ ದೊಡ್ಡವರು "ಪಾಪ" ಎಂದರು. ಆ ಶಬ್ದ ಅವನು ಹುಟ್ಟಿದಂದಿನಿಂದ ಕೇಳಿದ್ದು, ಮುಖ ಸಣ್ಣದಾಯಿತು. ಅಷ್ಟರಲ್ಲಿ ಗೋಡೆಯ ಮೇಲೆ ಕೂತಿದ್ದ ಓಣಿಯ ಹುಡುಗನೊಬ್ಬ ಜಿಗಿದು ಬಂದು, "ಏ, ನಂಗೂ ಒಂದ ರೌಂಡ್ ಕೊಡೋ" ಎಂದ. ನಮ್ಮ ಹುಡುಗ ನನ್ನ ಕಡೆ ನೋಡಿದ. ಅವನ ಬಳಿ ಇದ್ದ ಒಂದು ವಸ್ತುವನ್ನು ಮತ್ತೊಬ್ಬ ಹುಡುಗ ಆಸೆಪಟ್ಟು ಕೇಳಿದ್ದು ಅದೇ ಮೊದಲು. ತಡೆತಡೆದು, "ಮಾಮಾ, ಕೊಡ್ಲಿ... ಏನ?" ಎಂದು ಕೇಳಿದ. "ನಿನ್ನ ಗಾಡಿ, ನೀನ ಹೇಳು" ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಎರಡ... ರೌಂಡ" ಎಂದು ಅಪ್ಪಣೆ ಕೊಟ್ಟ. ಈಗ ಅವರಿಬ್ಬರೂ ಜೊತೆಗಾರರು. ವಾಚನಾಲಯಕ್ಕೆ ಪುಸ್ತಕ ಬದಲಿಸಲು ಅವನೇ ಬರುತ್ತಾನೆ. ದೂಡಲು ಆ ಹುಡುಗ. ನನ್ನ ಒಂದು ಕೆಲಸ ಕಡಿಮೆಯಾಯಿತು.

ಇದು ಮಕ್ಕಳಿಗೆ ಮಾತ್ರ ಎಂದುಕೊಳ್ಳಬಾರದು. ನಮ್ಮ ಗಿರಣಿಯಿಂದ ನಿವೃತ್ತರಾದ ಹಿರಿಯರೊಬ್ಬರಿಗೆ ಲಕ್ವ ಹೊಡೆದು ಬಲಗಡೆ ಸೋತಿದೆ. ಒಂದು ದಿನ ಅವರು ಕೋಲೂರಿಕೊಂಡು ಬಂದು ಗಾಡಿಯನ್ನು ಮುಟ್ಟಿ ಮುಟ್ಟಿ ನೋಡಿ, "ನನಗ ಒಂದ ಹಿಂತಾದ್ದ ಆಗೂದಿಲ್ಲೇನೋ?" ಎಂದರು. ಯಾಕಾಗಬಾರದು? ಎರಡು ಪೆಡಲೂ ಒಂದೇ ಅಚ್ಚಿಗೆ ಕೂಡಿರುವುದರಿಂದ ಬಲವುಳ್ಳ ಕಾಲು ಸೋತ ಕಾಲನ್ನೂ ಕರೆದೊಯ್ಯುತ್ತದೆ. ಹೊರದೇಶಗಳಲ್ಲಿ ಇಬ್ಬರು ಮಗ್ಗುಲಿಗೆ ಮಗ್ಗುಲು ಕೂತು ತುಳಿಯುವ ನಾಲ್ಕು ಗಾಲಿಯ ಸೈಕಲ್ಲುಗಳಿವೆ. ಕಣ್ಣಿದ್ದವರು ಹ್ಯಾಂಡಲ್ ಹಿಡಿದರೆ ಕಣ್ಣಿಲ್ಲದವರೂ ಪಕ್ಕದಲ್ಲಿ ಕೂತು ತಮ್ಮ ಪಾಲಿನ ಪೆಡಲನ್ನು ತುಳಿಯುತ್ತಾರೆ. ಗಾಲಿಕುರ್ಚಿಯನ್ನೇ ಮುಂದೆ ಏರಿಸಿಕೊಂಡು ಹೋಗುವ ಸೈಕಲ್ಲುಗಳೂ ಇವೆ. 2004ರಲ್ಲಿ ಅಥೆನ್ಸಿನ ಪ್ಯಾರಾಲಿಂಪಿಕ್ಸ್ ಕೂಟದಲ್ಲಿ ಕೈಯಿಂದ ತುಳಿಯುವ ಸೈಕಲ್ಲಿನ ಪಂದ್ಯವೂ ಸೇರಿತು.

ನಮ್ಮ ದೇಶದಲ್ಲಿಯೂ ಕೆಲಸ ಮಾಡಿದವರಿದ್ದಾರೆ. ಬೆಂಗಳೂರಿನಲ್ಲಿ 1959ರಲ್ಲಿ ಎನ್. ಎಸ್. ಹೇಮಾ ಅವರು ಅಂಗವಿಕಲರ ಸಂಸ್ಥೆಯನ್ನು ಕಟ್ಟಿದರು. ಮುಂಬಯಿಯಲ್ಲಿ 1972ರಲ್ಲಿ ಮಿಥು ಆಲೂರ್ ಅವರು, ತಮ್ಮ ಮಗಳಿಗೆ ಶಾಲೆ ಸಿಗದ ಸಂಕಟದಿಂದ, ನಮ್ಮ ಹುಡುಗನಂಥ ಮಕ್ಕಳಿಗಾಗಿ ಸಂಸ್ಥೆ ತೆರೆದರು. ಸಾಧನಗಳನ್ನು ಕೊಡುವ ಕೇಂದ್ರ ಸರಕಾರದ ಯೋಜನೆ 1981ರಿಂದ ಇದೆ. 1995ರ ಕಾನೂನು ಏಳು ಬಗೆಯ ಅಂಗವಿಕಲತೆಯನ್ನು ಎಣಿಸಿತ್ತು. 2016ರ ಕಾನೂನು ಇಪ್ಪತ್ತೊಂದನ್ನು ಎಣಿಸಿದೆ. ಹಕ್ಕು ಎಂಬ ಶಬ್ದವನ್ನು ಆ ಕಾನೂನು ತನ್ನ ಹೆಸರಿನಲ್ಲಿಯೇ ಇಟ್ಟುಕೊಂಡಿದೆ. ಆದರೆ ಕಾನೂನು ದಿಲ್ಲಿಯಿಂದ ಬಂದು ನಮ್ಮ ಓಣಿಯ ತಗ್ಗನ್ನು ಅಳೆಯಲಾರದು. ಅದನ್ನು ಓಣಿಯವರೇ ಅಳೆಯಬೇಕು.

ಆದಕಾರಣ ನನ್ನದೊಂದು ಸೂಚನೆ. ನಮ್ಮ ಹುಡುಗ ಇನ್ನು ಎರಡು ಮೂರು ವರ್ಷಕ್ಕೆ ಈ ಗಾಡಿಗಿಂತ ದೊಡ್ಡವನಾಗುತ್ತಾನೆ. ಆಗ ಇದು ಏನಾಗಬೇಕು? ಗುಜರಿಗೆ ಹೋಗಬೇಕೇ? ಒಬ್ಬನೇ ಕೊಂಡ ಪುಸ್ತಕ ಅವನ ಮನೆಯಲ್ಲಿ ಮಲಗುತ್ತದೆ. ವಾಚನಾಲಯಕ್ಕೆ ಬಂದ ಪುಸ್ತಕ ನೂರು ಮನೆಗೆ ಹೋಗಿ ಬರುತ್ತದೆ. ಸೈಕಲ್ಲಿಗೂ ಇದೇ ನ್ಯಾಯ. ಇಂಥ ಎರಡು ಗಾಡಿಗಳನ್ನು, ಮಕ್ಕಳದೊಂದು ದೊಡ್ಡವರದೊಂದು, ವಾಚನಾಲಯವೇ ಇಟ್ಟುಕೊಳ್ಳಲಿ. ಪುಸ್ತಕದಂತೆ ಹೆಸರು ಬರೆದು ಉಚಿತವಾಗಿ ಕೊಡಲಿ, ಬರೆದು ವಾಪಸು ತೆಗೆದುಕೊಳ್ಳಲಿ. ಕನ್ನಡ ಮಾತನಾಡುವವರ ಮಕ್ಕಳಿಗೆ ಮಾತ್ರವಲ್ಲ. ಮರಾಠಿ, ತೆಲುಗು, ಉರ್ದು ಯಾವ ಮನೆಯ ಮಗುವಾದರೂ ಸರಿ. ಬಿಗಿದ ಕಾಲಿಗೆ ಭಾಷೆಯ ಭೇದವಿಲ್ಲ.

"ಇದು ಪುಸ್ತಕದ ಮನೆ, ಸೈಕಲ್ಲಿನ ಅಂಗಡಿಯಲ್ಲ" ಎಂದು ಕೆಲವು ಹಿರಿಯರು ಹೇಳಿದ್ದಾರೆ. ಅವರ ಮಾತಿಗೆ ನನ್ನಲ್ಲಿ ಗೌರವವಿದೆ. ನನ್ನ ವಿನಂತಿ ಇಷ್ಟೆ: ಬಾಗಿಲ ಮೇಲೆ "ಉಚಿತ ವಾಚನಾಲಯ, ಎಲ್ಲರಿಗೂ ಪ್ರವೇಶ" ಎಂದು ಬರೆದಿದ್ದೇವೆ. ಬಾಗಿಲವರೆಗೆ ಬರಲಾರದವನಿಗೆ ಆ ಹಲಗೆಯಿಂದ ಏನು ಪ್ರಯೋಜನ? ಸ್ಥಳದ ಅಡಚಣೆಯನ್ನೂ ನಾನು ಬಲ್ಲೆ. ಹಳೆಯ ವೃತ್ತಪತ್ರಗಳ ಕೋಣೆಯನ್ನು ನಾನೇ ತೆರವು ಮಾಡಿಕೊಡುತ್ತೇನೆ. ಬಾಗಿಲಿನ ಎರಡು ಮೆಟ್ಟಿಲಿಗೆ ಇಳಿಜಾರು ಹಲಗೆ ಬೇಕು. ಇಬ್ಬರು ಸದಸ್ಯರು ಕಟ್ಟಿಗೆ ಕೊಡಲು ಒಪ್ಪಿದ್ದಾರೆ. ಆ ಹಲಗೆಯ ಮೇಲೆ ಮಾತ್ರ ಗಾಡಿಯನ್ನು ಇಬ್ಬರು ಹಿಡಿದೇ ಇಳಿಸಬೇಕು.

ಈ ಗಾಡಿಗೆ ಆದ ಖರ್ಚು ಒಟ್ಟು 9,400 ರೂಪಾಯಿ. ಮಿಸ್ತ್ರಿ ಕೂಲಿ ತೆಗೆದುಕೊಳ್ಳಲಿಲ್ಲ. ಮೊದಲನೆಯ ಚೌಕಟ್ಟಿಗೆ ವ್ಯರ್ಥವಾದದ್ದೂ ಇದರಲ್ಲಿ ಸೇರಿದೆ. ನಾನು ಅದನ್ನು ಮುಚ್ಚಿಟ್ಟಿಲ್ಲ. ಲೆಕ್ಕದ ವಹಿ ಮೇಜಿನ ಮೇಲಿದೆ. ಅದರ ಪಕ್ಕದಲ್ಲಿ ಇನ್ನೊಂದು ವಹಿಯೂ ಒಂದು ಅಳತೆಯ ಪಟ್ಟಿಯೂ ಇವೆ. ತಮ್ಮ ಮನೆಯಲ್ಲಿ, ನೆರೆಮನೆಯಲ್ಲಿ, ಗಿರಣಿಯ ಚಾಳಿನಲ್ಲಿ ಹೊರಗೆ ಬರದೆ ಕೂತವರು ಯಾರಿದ್ದಾರೆಂದು ತಾವು ಬಲ್ಲಿರಿ. ಅವರ ಹೆಸರು, ವಯಸ್ಸು, ತೂಕ, ತೊಡೆಯ ಸಂದಿನಿಂದ ಹಿಮ್ಮಡಿಯವರೆಗಿನ ಉದ್ದ, ಕೂತಾಗ ಸೊಂಟದ ಅಗಲ, ಕೈಚಾಚಿನ ಅಳತೆ ಇಷ್ಟನ್ನು ಬರೆದುಕೊಡಿರಿ. ಮೊದಲು ಅಳತೆ, ಆಮೇಲೆ ಗಾಡಿ. ಒಂದು ಹಣೆಗೆ ಬಿದ್ದ ನಾಲ್ಕು ಹೊಲಿಗೆಯಿಂದ ನಾನು ಕಲಿತ ಪಾಠ ಇದು. ಇನ್ನೊಬ್ಬರು ಅದನ್ನು ಹಾಗೆ ಕಲಿಯುವುದು ಬೇಡ.

ಬರುವ ಸಂಕ್ರಮಣಕ್ಕೆ ನಾವು ಮತ್ತೆ ನಂದಿಧ್ವಜ ನೋಡಲು ಹೋಗುವವರಿದ್ದೇವೆ. ಗದ್ದಲಕ್ಕೆ ಮೊದಲೇ, ಬೆಳಗಿನಲ್ಲಿ, ಸಮತಟ್ಟಾದ ಹಾದಿ ಹಿಡಿದು. ಈ ಸಲ ನಮ್ಮ ಅಕ್ಕ ಬರಿಗೈಯಲ್ಲಿ ಪಕ್ಕದಲ್ಲಿ ನಡೆದು ಬರುತ್ತಾಳೆ.

ವಹಿಯಲ್ಲಿ ಬರೆಯುವವರು ಬರೆದಾದ ಮೇಲೆ ನಾನು ಜಮಖಾನೆ ಸುತ್ತುತ್ತೇನೆ. ಅವಸರವಿಲ್ಲ.

ಸಿರಿಗನ್ನಡಂ ಗೆಲ್ಗೆ.